ಬೆಲ್ಟ್ ಬಿಗಿ ಮಾಡುವ ಮೊದಲು ಪುಲ್ಲಿಯ ತಳ ನೋಡಿ

ಪ್ರಶ್ನೆ: ನನ್ನದು ಎಂಟು ವರ್ಷ ಹಳೆಯ ಡೀಸೆಲ್ ಸರಕು ವಾಹನ. ಶ್ರೀನಿವಾಸಪುರದ ಕಡೆಯ ತೋಟಗಳಿಂದ ಕೋಲಾರದ ಎಪಿಎಂಸಿಗೆ ಟೊಮೆಟೊ ಸಾಗಿಸುತ್ತೇನೆ. ನಾಲ್ಕು ತಿಂಗಳಲ್ಲಿ ಮೂರು ಬೆಲ್ಟ್ ಬದಲಾಯಿಸಿದ್ದೇನೆ. ಡೈನಮೋ ಒಮ್ಮೆ ರಿವೈಂಡಿಂಗ್ ಆಗಿದೆ, ಕಾರ್ಬನ್ ಬ್ರಷ್ ಎರಡು ಬಾರಿ ಹಾಕಿಸಿದ್ದೇನೆ, ಬ್ಯಾಟರಿಯೂ ಹೊಸದು. ಆದರೂ ಬೆಳಗಿನ ಜಾವ ಸ್ಟಾರ್ಟ್ ಮಾಡಿದ ಕೂಡಲೇ ಬೆಲ್ಟ್ ಕೀರಲು ದನಿ ತೆಗೆಯುತ್ತಿತ್ತು, ಹೆಡ್‌ಲೈಟ್ ಮಂಕಾಗುತ್ತಿತ್ತು. ಮೆಕ್ಯಾನಿಕ್ ಬೆಲ್ಟನ್ನು ಚೆನ್ನಾಗಿ ಬಿಗಿ ಮಾಡಿಕೊಟ್ಟರು. ಕೀರಲು ನಿಂತಿತು, ಆದರೆ ಈಗ ಗರಗರ ಸದ್ದು ಶುರುವಾಗಿದೆ. ನಡುವೆ ಒಮ್ಮೆ ದಾರಿಯಲ್ಲಿ ಬೆಲ್ಟ್ ತುಂಡಾದಾಗ ಬ್ರೇಕ್ ಪೆಡಲ್ ಕಲ್ಲಿನಂತೆ ಗಟ್ಟಿಯಾಗಿತ್ತು, ಆಮೇಲೆ ಅದು ತಾನೇ ಸರಿಯಾಯಿತು. ಹೊಸ ಆಲ್ಟರ್ನೇಟರ್ ಹಾಕಿಸಿಬಿಡಲೇ? ಬೆಲ್ಟ್ ಎಷ್ಟು ಬಿಗಿ ಇರಬೇಕು?

ಉತ್ತರ: ನೀವು ಪತ್ರದ ಕೊನೆಯಲ್ಲಿ ಸುಮ್ಮನೆ ಸೇರಿಸಿದಂತಿರುವ ಬ್ರೇಕ್ ಪೆಡಲ್ಲಿನ ಮಾತಿನಿಂದಲೇ ಶುರು ಮಾಡುತ್ತೇನೆ. ನಿಮ್ಮ ಪತ್ರದಲ್ಲಿ ನನ್ನನ್ನು ಹೆದರಿಸಿದ್ದು ಅದೊಂದೇ. ಅದು ಬೇರೆ ತೊಂದರೆಯಲ್ಲ, ತಾನೇ ಸರಿಯಾದದ್ದೂ ಅಲ್ಲ.

ಹಲವು ಡೀಸೆಲ್ ವಾಹನಗಳಲ್ಲಿ ಆಲ್ಟರ್ನೇಟರಿನ (ನಾವು ಡೈನಮೋ ಎನ್ನುವುದೂ ಇದನ್ನೇ) ಬೆನ್ನಿಗೆ ಒಂದು ವ್ಯಾಕ್ಯೂಮ್ ಪಂಪ್ ಕೂರಿಸಿರುತ್ತಾರೆ. ಪೆಟ್ರೋಲ್ ಎಂಜಿನ್ನಿನಲ್ಲಿ ಗಾಳಿ ಒಳಗೆ ಹೋಗುವ ದಾರಿಯನ್ನು ಥ್ರಾಟಲ್ ಅಡ್ಡಗಟ್ಟುವುದರಿಂದ ಕಾಲಿನ ಒತ್ತಡಕ್ಕೆ ಬಲ ಸೇರಿಸುವ ಬ್ರೇಕ್ ಬೂಸ್ಟರಿಗೆ ಬೇಕಾದ ನಿರ್ವಾತ ಅಲ್ಲಿಯೇ ಸಿಗುತ್ತದೆ. ಡೀಸೆಲ್ ಎಂಜಿನ್ನಿನಲ್ಲಿ ಅದು ಹಾಗೆ ಸಿಗುವುದಿಲ್ಲ, ಪಂಪ್ ಎಳೆದುಕೊಡಬೇಕು. ಆ ಪಂಪನ್ನು ತಿರುಗಿಸುವುದು ಆಲ್ಟರ್ನೇಟರಿನ ಶಾಫ್ಟ್, ಶಾಫ್ಟನ್ನು ತಿರುಗಿಸುವುದು ಬೆಲ್ಟ್. ಬೆಲ್ಟ್ ತುಂಡಾದರೆ ಬೂಸ್ಟರಿನಲ್ಲಿ ಉಳಿದ ನಿರ್ವಾತ ಎರಡು ಮೂರು ಸಲ ಪೆಡಲ್ ಒತ್ತುವಷ್ಟರಲ್ಲಿ ಖಾಲಿಯಾಗುತ್ತದೆ. ಆಮೇಲೆ ಬ್ರೇಕ್ ಹಿಡಿಯುವುದು ನಿಮ್ಮ ಕಾಲಿನ ಬಲದಿಂದ ಮಾತ್ರ. ಹೊಸ ಬೆಲ್ಟ್ ಬಿದ್ದ ಮೇಲೆ ಪೆಡಲ್ ಮೆದುವಾಯಿತಲ್ಲ, ಅದರ ಕಾರಣ ಇಷ್ಟೇ. ನೀವು ಟೊಮೆಟೊ ಬಾಕ್ಸುಗಳನ್ನು ಹೇರಿಕೊಂಡು ಮುಳಬಾಗಿಲು ದಾಟಿ ಆಂಧ್ರದ ಕಡೆಗೂ ಹೋಗುವವರಾದರೆ, ಇಳಿಜಾರಿನಲ್ಲಿ ಇದು ಪ್ರಾಣದ ಪ್ರಶ್ನೆ. ಇನ್ನು ಮುಂದೆ ಓಡುವಾಗ ಚಾರ್ಜಿಂಗ್ ಲೈಟ್ ಹತ್ತಿತೆಂದರೆ 'ಬ್ಯಾಟರಿ ಇದೆ, ಮನೆ ಸೇರುತ್ತೇನೆ' ಎಂದು ಲೆಕ್ಕ ಹಾಕಬೇಡಿ. ವಾಹನವನ್ನು ಬದಿಗೆ ತಂದು ಬಾನೆಟ್ ಎತ್ತಿ ಬೆಲ್ಟ್ ಇದೆಯೇ ಎಂದು ನೋಡಿ. ಅದೇ ಬೆಲ್ಟ್ ವಾಟರ್ ಪಂಪನ್ನೂ ತಿರುಗಿಸುತ್ತಿದ್ದರೆ ಎಂಜಿನ್ ಕಾಯುವುದಕ್ಕೂ ಹೆಚ್ಚು ಹೊತ್ತು ಬೇಕಿಲ್ಲ.

ಈ ಪಂಪ್ ನಿಮ್ಮ ಕಾರ್ಬನ್ ಬ್ರಷ್ಷಿನ ಕಥೆಯನ್ನೂ ಹೇಳುತ್ತಿರಬಹುದು. ಅದನ್ನು ಡೈನಮೋ ಬಿಚ್ಚುವಾಗ ನೋಡೋಣ. ಹೊಸ ಆಲ್ಟರ್ನೇಟರ್ ಸದ್ಯಕ್ಕೆ ಬೇಡ. ಬೆಲ್ಟ್ ಜಾರಿಸುವ ಕಾರಣ ಎಂಜಿನ್ನಿನಲ್ಲಿಯೇ ಉಳಿದರೆ ಹೊಸದೂ ಇದೇ ದಾರಿ ಹಿಡಿಯುತ್ತದೆ. ನಾಲ್ಕು ತಿಂಗಳಲ್ಲಿ ನಿಮ್ಮ ವಾಹನದ ಎಷ್ಟೋ ಭಾಗಗಳು ಬದಲಾಗಿವೆ, ಆದರೆ ಒಮ್ಮೆಯಾದರೂ ಯಾರಾದರೂ ಮೀಟರ್ ಹಿಡಿದು ಅಳೆದರು ಎಂಬ ಮಾತು ಪತ್ರದಲ್ಲಿಲ್ಲ. ಅಲ್ಲಿಂದ ಹೊರಡೋಣ.

ಒಂದು ಸಾಧಾರಣ ಮಲ್ಟಿಮೀಟರ್ ಸಾಕು. ರಾತ್ರಿಯೆಲ್ಲಾ ನಿಂತ ವಾಹನದ ಬ್ಯಾಟರಿಯನ್ನು ಕೀ ತಿರುಗಿಸುವ ಮೊದಲು ಅಳೆಯಿರಿ. 12.6 ವೋಲ್ಟ್ ಆಸುಪಾಸು ಇದ್ದರೆ ಬ್ಯಾಟರಿ ತುಂಬಿದೆ, 12.2 ಇದ್ದರೆ ಅರ್ಧ, 12ಕ್ಕಿಂತ ಕೆಳಗಿದ್ದರೆ ಹೆಚ್ಚು ಕಡಿಮೆ ಬರಿದು. ಸ್ಟಾರ್ಟ್ ಮಾಡಿ, ಆಕ್ಸಲರೇಟರ್ ಸ್ವಲ್ಪ ಒತ್ತಿ ಎಂಜಿನ್ನನ್ನು ಸುಮಾರು 1500 ಸುತ್ತಿನಲ್ಲಿ ಇಟ್ಟು ಬ್ಯಾಟರಿಯ ಎರಡು ಕಂಬಗಳ ಮೇಲೆಯೇ ಅಳೆಯಿರಿ. 13.8ರಿಂದ 14.5ರ ಒಳಗೆ ಇರಬೇಕು. 15 ದಾಟಿದರೆ ವೋಲ್ಟೇಜನ್ನು ಹಿಡಿತದಲ್ಲಿಡುವ ರೆಗ್ಯುಲೇಟರ್ ಹೋಗಿದೆ, ನಿಮ್ಮ ಹೊಸ ಬ್ಯಾಟರಿಯ ನೀರು ಕುದಿಯುತ್ತಿದೆ ಎಂದರ್ಥ. ಈಗ ಹೆಡ್‌ಲೈಟ್, ಬ್ಲೋವರ್, ವೈಪರ್ ಎಲ್ಲವನ್ನೂ ಹಾಕಿ. 13.2ಕ್ಕಿಂತ ಕೆಳಗೆ ಇಳಿಯಬಾರದು. ಇಳಿದರೆ, ಮತ್ತು ಇಳಿಯುವ ಹೊತ್ತಿಗೆ ಕೀರಲು ಕೇಳಿದರೆ, ಬೆಲ್ಟ್ ಜಾರುತ್ತಿದೆ. ಕೀರಲೇ ಇಲ್ಲದೆ ಇಳಿದರೆ ತಪ್ಪು ಡೈನಮೋ ಒಳಗೆ ಅಥವಾ ವೈರಿನಲ್ಲಿದೆ. ಈ ಒಂದು ಭೇದವನ್ನು ಗುರುತಿಸಿದರೆ ಅರ್ಧ ಕೆಲಸ ಮುಗಿಯಿತು.

ವೈರಿನ ತಪ್ಪನ್ನು ಹುಡುಕುವ ಅಳತೆಯನ್ನು ನಮ್ಮ ಕಡೆ ಬಹಳ ಕಡಿಮೆ ಜನ ಮಾಡುತ್ತಾರೆ, ಅದಕ್ಕೇ ಒತ್ತಿ ಹೇಳುತ್ತೇನೆ. ಎಂಜಿನ್ ಓಡುತ್ತಿರಲಿ, ಲೈಟುಗಳು ಉರಿಯುತ್ತಿರಲಿ. ಮೀಟರಿನ ಒಂದು ಮೊನೆಯನ್ನು ಡೈನಮೋ ಹಿಂದಿನ ದಪ್ಪ ವೈರಿನ ಬೋಲ್ಟಿಗೆ, ಇನ್ನೊಂದನ್ನು ಬ್ಯಾಟರಿಯ ಪ್ಲಸ್ ಕಂಬಕ್ಕೆ ಇಡಿ. 0.3 ವೋಲ್ಟಿಗಿಂತ ಹೆಚ್ಚು ತೋರಿಸಬಾರದು. ಆಮೇಲೆ ಒಂದನ್ನು ಡೈನಮೋ ಮೈಗೆ, ಇನ್ನೊಂದನ್ನು ಬ್ಯಾಟರಿಯ ಮೈನಸ್ ಕಂಬಕ್ಕೆ ಇಡಿ. ಇಲ್ಲಿ 0.2 ದಾಟಬಾರದು. ಒಂದು ವೋಲ್ಟ್ ತೋರಿಸಿದರೆ ಡೈನಮೋ ಎಷ್ಟೇ ದುಡಿದರೂ ಆ ಒಂದು ವೋಲ್ಟ್ ದಾರಿಯಲ್ಲಿಯೇ ಬಿಸಿಯಾಗಿ ಹೋಗುತ್ತದೆ. ತುಕ್ಕು ಹಿಡಿದ ಅರ್ತ್ ಪಟ್ಟಿ, ಸಡಿಲ ಲಗ್, ಹಸಿರು ಕಟ್ಟಿದ ಟರ್ಮಿನಲ್, ಸಾಮಾನ್ಯವಾಗಿ ಇಷ್ಟೇ ಇರುತ್ತದೆ. ಎಂಜಿನ್ನಿನಿಂದ ಚಾಸಿಗೆ ಹೋಗುವ ಅರ್ತ್ ಪಟ್ಟಿಯೊಂದನ್ನು ಬದಲಿಸಿ ಸರಿಯಾದ ವಾಹನಗಳು, ಅದಕ್ಕೂ ಮೊದಲು ಬೇರೆಲ್ಲೋ ರಿವೈಂಡಿಂಗ್ ಮಾಡಿಸಿಕೊಂಡು ಬಂದಂಥವು, ನನ್ನ ಕೈಯಲ್ಲಿ ಹಲವು ಹಾದು ಹೋಗಿವೆ.

ಇನ್ನೊಂದು ಅಳತೆ, ಡೈನಮೋದ ಎಸಿ ಕರೆಂಟನ್ನು ಡಿಸಿ ಮಾಡುವ ಡಯೋಡಿಗೆ. ಮೀಟರನ್ನು ಎಸಿ ವೋಲ್ಟಿಗೆ ಇಟ್ಟು ಓಡುವ ಎಂಜಿನ್ನಿನಲ್ಲಿ ಬ್ಯಾಟರಿಯ ಕಂಬಗಳ ಮೇಲೆ ಅಳೆದರೆ ಅರ್ಧ ವೋಲ್ಟಿಗಿಂತ ಕಡಿಮೆ ಬರಬೇಕು. ಅದಕ್ಕಿಂತ ಹೆಚ್ಚು ಬಂದರೆ ಡಯೋಡ್ ಒಂದು ಹೋಗಿದೆ. ಆದರೆ ಎಚ್ಚರ. ಕಡಿಮೆ ಬೆಲೆಯ ಕೆಲವು ಮೀಟರುಗಳು ಎಸಿಗೆ ಇಟ್ಟಾಗ ಡಿಸಿಯನ್ನೇ ಎರಡರಷ್ಟು ಮಾಡಿ ತೋರಿಸುತ್ತವೆ. ಮೊದಲು ಎಂಜಿನ್ ನಿಲ್ಲಿಸಿ ಸುಮ್ಮನಿರುವ ಬ್ಯಾಟರಿಯನ್ನು ಎಸಿಯಲ್ಲಿ ಅಳೆಯಿರಿ. ಸೊನ್ನೆ ಬಂದರೆ ಮಾತ್ರ ಆ ಮೀಟರನ್ನು ಈ ಕೆಲಸಕ್ಕೆ ನಂಬಿ.

ಈಗ ಬೆಲ್ಟಿಗೆ ಬರೋಣ. ಮೂರು ಹೊಸ ಬೆಲ್ಟ್ ತಿಂದ ವಾಹನವೆಂದರೆ ತಪ್ಪು ಬೆಲ್ಟಿನದಲ್ಲ ಎಂದು ನಾನು ಬಹುಮಟ್ಟಿಗೆ ಧೈರ್ಯವಾಗಿ ಹೇಳುತ್ತೇನೆ. ಬೆಲ್ಟ್ ತೆಗೆದು, ಡೈನಮೋ ಪುಲ್ಲಿಯ ಗಾಡಿಯನ್ನು, ಅಂದರೆ ಬೆಲ್ಟ್ ಕೂರುವ ಕಾಲುವೆಯಂಥ ತಗ್ಗನ್ನು, ಬಟ್ಟೆಯಿಂದ ಒರೆಸಿ, ಟಾರ್ಚ್ ಹಾಕಿ ತಳವನ್ನು ನೋಡಿ. ತಳದಲ್ಲಿ ಧೂಳು, ಮಾಸಲು ಬಣ್ಣ, ತೆಳುವಾದ ತುಕ್ಕು ಇದ್ದರೆ ಸಂತೋಷ. ತಳ ಕನ್ನಡಿಯಂತೆ ಹೊಳೆಯುತ್ತಿದ್ದರೆ ನಿಮ್ಮ ರೋಗ ಅಲ್ಲಿದೆ.

ವಿ ಬೆಲ್ಟ್ ಕೆಲಸ ಮಾಡುವುದು ತನ್ನ ಎರಡು ಪಕ್ಕೆಗಳಿಂದ, ಹೊಟ್ಟೆಯಿಂದಲ್ಲ. ಸೌದೆ ಸೀಳುವ ಬೆಣೆಯಂತೆ ಅದು ಗಾಡಿಯ ಎರಡು ಗೋಡೆಗಳ ನಡುವೆ ಸಿಕ್ಕಿಕೊಳ್ಳುತ್ತದೆ. ಎಳೆತ ಹೆಚ್ಚಿದಷ್ಟೂ ಒಳಗೆ ಇಳಿದು ಗೋಡೆಗಳನ್ನು ಒತ್ತುತ್ತದೆ. ಆ ಓರೆಯ ಕಾರಣದಿಂದಲೇ ಅದೇ ಎಳೆತದಲ್ಲಿ ಚಪ್ಪಟೆ ಬೆಲ್ಟಿಗಿಂತ ಸುಮಾರು ಮೂರು ಪಟ್ಟು ಹಿಡಿತ ಸಿಗುತ್ತದೆ. ಗೋಡೆಗಳು ಸವೆದು ಗಾಡಿ ಅಗಲವಾದಾಗ ಬೆಲ್ಟ್ ಕೆಳಗಿಳಿದು ತಳಕ್ಕೆ ಕೂರುತ್ತದೆ. ಕೂತ ಕ್ಷಣದಿಂದ ಬೆಣೆಯ ಗುಣ ಹೋಯಿತು, ಅದು ಚಪ್ಪಟೆ ಬೆಲ್ಟ್ ಆಯಿತು. ಆಗ ಅದನ್ನು ಎಷ್ಟು ಬಿಗಿ ಮಾಡಿದರೂ ಭಾರ ಬಿದ್ದ ಹೊತ್ತಿಗೆ ಜಾರುತ್ತದೆ, ಜಾರಿದಾಗ ಕಾಯುತ್ತದೆ, ಕಾದಾಗ ಪಕ್ಕೆಗಳು ಗಾಜಿನಂತೆ ನುಣುಪಾಗಿ ಇನ್ನಷ್ಟು ಜಾರುತ್ತವೆ. ಮತ್ತೆ ಹೊಸ ಬೆಲ್ಟ್. ಇದು ನಿಮ್ಮ ನಾಲ್ಕು ತಿಂಗಳು.

ನಮ್ಮ ಜಿಲ್ಲೆಯಲ್ಲಿ ಪುಲ್ಲಿ ಬೇಗ ಸವೆಯುವುದಕ್ಕೆ ಕಾರಣ ನೆಲದಲ್ಲಿಯೇ ಇದೆ. ತೋಟದ ಬಂಡಿ ಜಾಡಿನಲ್ಲಿ ಏಳುವ ಕೆಮ್ಮಣ್ಣಿನ ಧೂಳು, ಜಲ್ಲಿ ಕ್ರಷರುಗಳ ಕಡೆಯ ರಸ್ತೆಯಲ್ಲಾದರೆ ಕಲ್ಲಿನ ಪುಡಿ, ಎರಡೂ ಬೆಲ್ಟಿಗೂ ಪುಲ್ಲಿಗೂ ನಡುವೆ ಸೇರಿ ಮರಳು ಕಾಗದದಂತೆ ಉಜ್ಜುತ್ತವೆ. ಡೈನಮೋ ಪುಲ್ಲಿ ಎಲ್ಲಕ್ಕಿಂತ ಚಿಕ್ಕದು, ಎಲ್ಲಕ್ಕಿಂತ ಹೆಚ್ಚು ಸುತ್ತುತ್ತದೆ. ಆದ್ದರಿಂದ ಮೊದಲು ಸವೆಯುವುದು ಅದೇ. ಬೆಲ್ಟ್ ಹಾಕಿ ನೋಡಿದಾಗ ಅದರ ಬೆನ್ನು ಪುಲ್ಲಿಯ ಅಂಚಿಗೆ ಸಮವಾಗಿ ಅಥವಾ ಕೂದಲೆಳೆಯಷ್ಟು ಮೇಲೆ ಇರಬೇಕು. ಒಳಗೆ ಮುಳುಗಿದ್ದರೆ ಒಂದೋ ಪುಲ್ಲಿ ಸವೆದಿದೆ, ಇಲ್ಲವೇ ಅಂಗಡಿಯಲ್ಲಿ ಕಡಿಮೆ ಅಗಲದ ಬೆಲ್ಟ್ ಕೊಟ್ಟಿದ್ದಾರೆ. ಬೆಲ್ಟಿನ ಬೆನ್ನ ಮೇಲಿನ ಅಕ್ಷರಗಳನ್ನು ಓದಿ. 13 ಎಂದಿದ್ದರೆ ಮೇಲ್ಭಾಗದ ಅಗಲ 13 ಮಿಲಿಮೀಟರ್, ಪಕ್ಕದ ಮೂರು ಅಥವಾ ನಾಲ್ಕು ಅಂಕೆಯ ಸಂಖ್ಯೆ ಉದ್ದ. 10ರ ಬೆಲ್ಟನ್ನು 13ರ ಪುಲ್ಲಿಗೆ ಹಾಕಿ 'ಉದ್ದ ಸರಿಯಾಗಿದೆ' ಎಂದವರನ್ನು ನೋಡಿದ್ದೇನೆ. ನಿಮ್ಮದು ಉದ್ದುದ್ದ ಗೆರೆಗಳಿರುವ ಚಪ್ಪಟೆ ಬೆಲ್ಟಾದರೆ ಗುರುತು ಬೇರೆ: 6ಪಿಕೆ 1200 ಎಂದರೆ ಆರು ಗೆರೆ, 1200 ಮಿಲಿಮೀಟರ್ ಉದ್ದ. ಅಂಥವುಗಳಲ್ಲಿ ಹಲವಕ್ಕೆ ಸ್ಪ್ರಿಂಗಿನ ಟೆನ್ಷನರ್ ಇರುತ್ತದೆ. ಅಲ್ಲಿ ಬಿಗಿ ಮಾಡುವ ಬೋಲ್ಟೇ ಇರುವುದಿಲ್ಲ, ಸಡಿಲವಾದರೆ ಟೆನ್ಷನರನ್ನೇ ಬದಲಿಸಬೇಕು.

ಪುಲ್ಲಿ ಸವೆದಿದ್ದರೆ ಲೇತಿನಲ್ಲಿ ಕೆರೆಸುವ ಯೋಚನೆ ಬೇಡ, ಕೆರೆದಷ್ಟೂ ಗಾಡಿ ಇನ್ನೂ ಅಗಲವಾಗುತ್ತದೆ. ಹೊಸ ಪುಲ್ಲಿ ಹಾಕಿಸಿ. ಪುಲ್ಲಿಯ ವ್ಯಾಸ ಹಳೆಯದರಷ್ಟೇ ಇರಲಿ. ಆಮೇಲೆ ಒಂದು ನೆಟ್ಟಗಿನ ಸ್ಟೀಲ್ ಸ್ಕೇಲನ್ನು ಎರಡು ಪುಲ್ಲಿಗಳ ಮುಖಕ್ಕೆ ಅಡ್ಡ ಹಿಡಿದು ಸಾಲು ನೋಡಿ. ಪುಲ್ಲಿ ಓರೆಯಾಗಿದ್ದರೆ ಬೆಲ್ಟಿನ ಒಂದೇ ಪಕ್ಕೆ ಸವೆಯುತ್ತದೆ, ಕರಿ ಪುಡಿ ಉದುರುತ್ತದೆ. ಗೆರೆ ಬೆಲ್ಟಿನಲ್ಲಿ ಇದನ್ನು ನೀರಿನಿಂದಲೂ ಪರೀಕ್ಷಿಸಬಹುದು. ಎಂಜಿನ್ ಓಡುವಾಗ ಕೈಯನ್ನು ದೂರವಿಟ್ಟು ಬಾಟಲಿಯಿಂದ ಗೆರೆಗಳ ಕಡೆಗೆ ಸ್ವಲ್ಪ ನೀರು ಚಿಮ್ಮಿಸಿ. ಸದ್ದು ಕ್ಷಣಕಾಲ ನಿಂತರೆ ಪುಲ್ಲಿಯ ಸಾಲು ತಪ್ಪಿದೆ, ಸದ್ದು ಜೋರಾದರೆ ಬೆಲ್ಟ್ ಸಡಿಲವಾಗಿ ಜಾರುತ್ತಿದೆ.

ಬೆಳಗಿನ ಜಾವವೇ ಯಾಕೆ ಕೀರಲು ಎಂಬುದಕ್ಕೆ ಉತ್ತರ ಬ್ಯಾಟರಿಯಲ್ಲಿದೆ. ಸ್ಟಾರ್ಟರ್ ಆಗಷ್ಟೇ ಹೀರಿಕೊಂಡ ವಿದ್ಯುತ್ತನ್ನು ತುಂಬಿಸಲು ಡೈನಮೋ ತನ್ನ ಪೂರ್ತಿ ಶಕ್ತಿ ಹಾಕುವ ಹೊತ್ತು ಅದು. 14 ವೋಲ್ಟಿನಲ್ಲಿ 50 ಆಂಪಿಯರ್ ಎಂದರೆ 700 ವಾಟ್. ಡೈನಮೋ ತಾನು ಪಡೆದ ಶಕ್ತಿಯಲ್ಲಿ ಅರ್ಧಕ್ಕಿಂತ ಸ್ವಲ್ಪ ಹೆಚ್ಚನ್ನು ಮಾತ್ರ ವಿದ್ಯುತ್ ಮಾಡುವುದರಿಂದ, ಆ ಚಿಕ್ಕ ಪುಲ್ಲಿಯ ಅರ್ಧ ಸುತ್ತಿನ ಹಿಡಿತದಲ್ಲಿ ಬೆಲ್ಟ್ ಸುಮಾರು ಒಂದೂವರೆ ಅಶ್ವಶಕ್ತಿಯನ್ನು ಸಾಗಿಸಬೇಕು. ಅದೂ ತಣ್ಣಗೆ ಬಿರುಸಾದ ರಬ್ಬರಿನಲ್ಲಿ. ಹತ್ತು ನಿಮಿಷದಲ್ಲಿ ಬ್ಯಾಟರಿಯ ಹಸಿವು ಇಳಿಯುತ್ತದೆ, ಸದ್ದೂ ನಿಲ್ಲುತ್ತದೆ. ಸದ್ದು ನಿಂತಿತೆಂದು ಬಿಟ್ಟವರು ಬೆಲ್ಟ್ ತುಂಡಾಗುವ ತನಕ ಬಿಟ್ಟಿರುತ್ತಾರೆ.

ನಿಮ್ಮ ಮೂಲ ಪ್ರಶ್ನೆ, ಎಷ್ಟು ಬಿಗಿ? ವಾಹನದ ಕೈಪಿಡಿಯಲ್ಲಿ ಅಂಕಿ ಇದ್ದರೆ ಅದೇ ಅಂತಿಮ. ಇಲ್ಲದಿದ್ದರೆ ವಿ ಬೆಲ್ಟಿಗೆ ನಾನು ಇಟ್ಟುಕೊಂಡಿರುವ ಲೆಕ್ಕ ಇದು: ಎರಡು ಪುಲ್ಲಿಗಳ ನಡುವಿನ ಅತಿ ಉದ್ದದ ಭಾಗದ ನಟ್ಟನಡುವೆ 10 ಕೆಜಿ ಭಾರದಿಂದ ಒತ್ತಿದಾಗ, ಓಡಿ ಪಳಗಿದ ಬೆಲ್ಟ್ 10ರಿಂದ 12 ಮಿಲಿಮೀಟರ್ ಬಗ್ಗಬೇಕು, ಹೊಸ ಬೆಲ್ಟ್ 8ರಿಂದ 10. 'ಹೆಬ್ಬೆರಳಿನಿಂದ ಒತ್ತಿದರೆ ಅರ್ಧ ಇಂಚು' ಎಂದು ಎಲ್ಲರೂ ಹೇಳುತ್ತಾರೆ, ಆದರೆ ಯಾರ ಹೆಬ್ಬೆರಳು? ಗೋಣಿ ಎತ್ತುವ ಹಮಾಲರ ಹೆಬ್ಬೆರಳೂ ಶಾಲೆಯ ಹುಡುಗನದೂ ಒಂದೇ ಅಲ್ಲ. ನೀವು ದಿನಾ ಹೋಗುವ ಮಂಡಿಯಲ್ಲಿಯೇ ಇದಕ್ಕೆ ಸಾಧನ ಇದೆ. ಟೊಮೆಟೊ ತೂಗುವ ಎಲೆಕ್ಟ್ರಾನಿಕ್ ತಕ್ಕಡಿಯ ಮೇಲೆ ಹೆಬ್ಬೆರಳು ಊರಿ, 10 ಕೆಜಿ ತೋರಿಸುವ ತನಕ ಒತ್ತಿ. ಐದಾರು ಬಾರಿ ಮಾಡಿ, ಕಣ್ಣು ಮುಚ್ಚಿ ಒತ್ತಿ ಆಮೇಲೆ ಅಂಕಿ ನೋಡಿ. ಮೊದಲ ಬಾರಿಗೆ ನಿಮಗೇ ಆಶ್ಚರ್ಯವಾಗುತ್ತದೆ, 10 ಕೆಜಿ ಎಂದರೆ ನಾವು ಅಂದುಕೊಂಡದ್ದಕ್ಕಿಂತ ಬಹಳ ಹೆಚ್ಚು ಒತ್ತಬೇಕು. ಹಗುರವಾಗಿ ಒತ್ತಿ ಅರ್ಧ ಇಂಚು ಬಗ್ಗಿತೆಂದು ತೃಪ್ತಿಪಟ್ಟ ಬೆಲ್ಟ್ ನಿಜವಾಗಿ ಸಡಿಲವಾಗಿರುತ್ತದೆ. ನನ್ನ ಬಳಿ ಕೆಲಸ ಕಲಿಯಲು ಬರುವ ಹುಡುಗರಿಗೆ ಮೊದಲ ವಾರ ಮಾಡಿಸುವ ಅಭ್ಯಾಸವೇ ಇದು. ಬಗ್ಗಿದ ಅಳತೆಯನ್ನು ಕಣ್ಣಂದಾಜಿನಲ್ಲಿ ಬಿಡಬೇಡಿ. ಎರಡು ಪುಲ್ಲಿಗಳ ಮೇಲೆ ನೆಟ್ಟಗಿನ ಪಟ್ಟಿ ಇಟ್ಟು, ಅಲ್ಲಿಂದ ಬೆಲ್ಟಿನ ಬೆನ್ನಿಗೆ ಸ್ಕೇಲ್ ಹಿಡಿದು ಓದಿ.

ಇದನ್ನೆಲ್ಲ ಎಂಜಿನ್ ನಿಲ್ಲಿಸಿ, ಕೀ ತೆಗೆದು ಜೇಬಿನಲ್ಲಿಟ್ಟುಕೊಂಡು ಮಾಡಿ. ಡೈನಮೋ ಕೆಳಗಿನ ತಿರುಗಣೆ ಬೋಲ್ಟನ್ನೂ ಮೇಲಿನ ಸೀಳುಪಟ್ಟಿಯ ಬೋಲ್ಟನ್ನೂ ಡೈನಮೋ ಬಿಗುವಾಗಿ ಅಲುಗಾಡುವಷ್ಟು ಮಾತ್ರ ಸಡಿಲಿಸಿ. ಕೆಳಗಿನದನ್ನು ಸಡಿಲಿಸದೆ ಮೇಲಿನದನ್ನು ಮಾತ್ರ ಬಿಟ್ಟು ಎಳೆದರೆ ಅಲ್ಯೂಮಿನಿಯಂ ಕಿವಿ ಸೀಳುತ್ತದೆ. ಹೊರಕ್ಕೆ ಮೀಟಲು ಕಬ್ಬಿಣದ ಟಾಮಿ ಬೇಡ, ಸುತ್ತಿಗೆಯ ಮರದ ಹಿಡಿಯಂಥದ್ದು ಸಾಕು. ಮೀಟುವಾಗ ಡೈನಮೋದ ಮುಂಭಾಗದ, ಪುಲ್ಲಿ ಕಡೆಯ ದಪ್ಪ ಎರಕಕ್ಕೆ ಆನಿಸಿ. ಹಿಂಭಾಗದ ಮುಚ್ಚಳಕ್ಕೋ ನಡುವಿನ ಸ್ಟೇಟರ್ (ತಿರುಗದ ತಂತಿ ಸುರುಳಿ) ಬಳೆಗೋ ಆನಿಸಿದರೆ ಡಯೋಡ್ ಪ್ಲೇಟ್ ಬಿರಿಯುತ್ತದೆ, ಇಲ್ಲವೇ ಒಳಗೆ ತಿರುಗುವ ರೋಟರ್ ಉಜ್ಜಲು ಶುರುವಾಗುತ್ತದೆ. ಸರಿಯಾದ ಬಿಗಿಯಲ್ಲಿ ಹಿಡಿದುಕೊಂಡೇ ಮೊದಲು ಮೇಲಿನ ಬೋಲ್ಟ್, ಆಮೇಲೆ ಕೆಳಗಿನದು ಬಿಗಿಸಿ. ಬೋಲ್ಟ್ ಬಿಗಿಸುವಾಗ ಅಳತೆ ಬದಲಾಗುತ್ತದೆ, ಹಾಗಾಗಿ ಮತ್ತೊಮ್ಮೆ ಅಳೆಯಿರಿ. ಹೊಸ ಬೆಲ್ಟಾದರೆ ಹದಿನೈದು ನಿಮಿಷ ಓಡಿಸಿ, ತಣ್ಣಗಾದ ಮೇಲೆ ಮತ್ತೆ ಅಳೆದು ಸರಿಪಡಿಸಿ. ಐದುನೂರು ಕಿಲೋಮೀಟರ್ ಆದ ಮೇಲೆ ಇನ್ನೊಮ್ಮೆ. ಹೊಸ ಬೆಲ್ಟ್ ಮೊದಲ ದಿನಗಳಲ್ಲಿ ಹಿಗ್ಗಿ ಗಾಡಿಗೆ ಒಗ್ಗುತ್ತದೆ. ಆ ಎರಡನೇ ಅಳತೆಗೆ ಯಾರೂ ವಾಪಸು ಬರುವುದಿಲ್ಲ ಎಂಬುದು ನನ್ನ ದೊಡ್ಡ ಸಂಕಟ. ಬೆಲ್ಟ್ ಸಾಯುವುದು ಅಲ್ಲಿಯೇ.

ಅತಿ ಬಿಗಿಯ ಫಲ ಏನೆಂದು ನಿಮ್ಮ ವಾಹನವೇ ಈಗ ಗರಗರ ಎಂದು ಹೇಳುತ್ತಿದೆ. ಈ ಕೆಲಸಕ್ಕೆ ಬಂದ ಹೊಸದರಲ್ಲಿ, ಮಾವಿನ ಸುಗ್ಗಿಯಲ್ಲಿ, ಒಂದು ವಾಹನದ ಬೆಲ್ಟನ್ನು ಒಂದೇ ತಿಂಗಳಲ್ಲಿ ಮೂರು ಬಾರಿ ನಾನೇ ಬಿಗಿ ಮಾಡಿ ಕಳುಹಿಸಿದ್ದೆ. ನಾಲ್ಕನೇ ಬಾರಿ ಅದು ಬಂದದ್ದು ಟೋವಿಂಗ್ ಮಾಡಿಸಿಕೊಂಡು. ವಾಟರ್ ಪಂಪಿನ ಬೇರಿಂಗ್ ಒಡೆದು ಫ್ಯಾನ್ ರೇಡಿಯೇಟರಿಗೆ ಬಡಿದಿತ್ತು. ಆಗ ಪುಲ್ಲಿಯ ತಳ ನೋಡಿದೆ, ಹೊಳೆಯುತ್ತಿತ್ತು. ನಾನು ಮೊದಲ ದಿನವೇ ನೋಡಬೇಕಾಗಿದ್ದ ಜಾಗ ಅದು. ನನ್ನ ಅವಸರಕ್ಕೆ ಬೆಲೆ ತೆತ್ತವರು ಆ ವಾಹನದ ಮಾಲೀಕರು, ಅದೂ ವರ್ಷದ ದುಡಿಮೆಯ ದಿನಗಳಲ್ಲಿ. ಅದು ಇಂದಿಗೂ ನನಗೆ ನೋವಿನ ವಿಷಯ.

ಗರಗರ ಎಲ್ಲಿಂದ ಎಂದು ತಿಳಿಯಲು ಬೆಲ್ಟ್ ಕಳಚಿ, ಡೈನಮೋ ಪುಲ್ಲಿಯನ್ನೂ ವಾಟರ್ ಪಂಪ್ ಪುಲ್ಲಿಯನ್ನೂ ಒಂದೊಂದಾಗಿ ಕೈಯಲ್ಲಿ ತಿರುಗಿಸಿ, ಅಲುಗಾಡಿಸಿ. ಮರಳು ಅರೆದಂತೆ ಕೈಗೆ ತಟ್ಟುವುದು ಯಾವುದೋ ಅದೇ. ವಾಟರ್ ಪಂಪ್ ಅಲುಗಾಡಿದರೆ ಅದನ್ನೂ ಈಗಲೇ ಬದಲಿಸಿ.

ಡೈನಮೋ ಇಳಿಸಲು ಮೊದಲು ಬ್ಯಾಟರಿಯ ಮೈನಸ್ ಕಳಚಿ. ಹಿಂದೆ ಪಂಪ್ ಇದ್ದರೆ ಎಣ್ಣೆಯ ಪೈಪುಗಳು ಯಾವುದು ಎಲ್ಲಿಗೆ ಎಂದು ಗುರುತು ಮಾಡಿ, ಬಾಯಿಗೆ ಬಟ್ಟೆ ತುರುಕಿ. ಬಿಚ್ಚುವ ಮುನ್ನ ಮುಂದಿನ ಎರಕ, ಸ್ಟೇಟರ್, ಹಿಂದಿನ ಎರಕ ಮೂರರ ಮೇಲೂ ಹಾದುಹೋಗುವಂತೆ ಒಂದು ಗೀರು ಎಳೆಯಿರಿ, ಜೋಡಿಸುವಾಗ ಅದೇ ದಾರಿ ತೋರಿಸುತ್ತದೆ.

ಪಂಪನ್ನು ಹಿಂದಿನಿಂದ ತೆಗೆದು ಬ್ರಷ್ ಹೋಲ್ಡರ್ ನೋಡಿ. ಕರಿ ಪುಡಿ ಒಣಗಿದ್ದರೆ ಸಹಜ. ಎಣ್ಣೆ ಬೆರೆತು ಕಾಡಿಗೆಯಂತಾಗಿದ್ದರೆ, ಎರಡು ಬಾರಿ ಬ್ರಷ್ ಹೋದದ್ದು ಯಾಕೆಂದು ತಿಳಿಯಿತು. ಪಂಪಿಗೆ ಎಂಜಿನ್ ಆಯಿಲ್ ಬರುತ್ತದೆ, ಅದು ಡೈನಮೋ ಒಳಗೆ ಬರದಂತೆ ತಡೆಯುವುದು ಶಾಫ್ಟಿನ ಸುತ್ತಲ ಒಂದು ಚಿಕ್ಕ ಆಯಿಲ್ ಸೀಲ್. ಅದು ಗಟ್ಟಿಯಾಗಿ ಸೀಳಿದರೆ ಎಣ್ಣೆ ಬ್ರಷ್ಷಿನ ಮನೆಗೆ ನುಗ್ಗಿ, ಬ್ರಷ್ ಅಂಟಿಕೊಂಡು, ರೋಟರಿಗೆ ಕರೆಂಟು ದಾಟಿಸುವ ಸ್ಲಿಪ್ ರಿಂಗನ್ನು ಮುಟ್ಟುವುದನ್ನೇ ಬಿಡುತ್ತದೆ. ಸೀಲ್ ಬದಲಿಸದೆ ಬ್ರಷ್ ಮಾತ್ರ ಹಾಕಿದರೆ ತಿಂಗಳ ಕೆಲಸ. ಸೀಲಿನ ಮೇಲಿನ ಅಳತೆ ಓದಿ ಅದನ್ನೇ ತನ್ನಿ. ಸೀಲ್ ಕೂರುವ ಜಾಗದಲ್ಲಿ ಶಾಫ್ಟ್ ಬಳೆ ಬಳೆಯಾಗಿ ಸವೆದಿದೆಯೇ ಎಂದು ಉಗುರಿನಿಂದ ಸವರಿ ನೋಡಿ. ಉಗುರು ಸಿಕ್ಕಿಕೊಂಡರೆ ಹೊಸ ಸೀಲೂ ನಿಲ್ಲುವುದಿಲ್ಲ.

ರೋಟರನ್ನು, ಗ್ಯಾರೇಜಿನವರು ಆರ್ಮೇಚರ್ ಎನ್ನುತ್ತಾರಲ್ಲ ಅದನ್ನು, ಎರಡು ಸ್ಲಿಪ್ ರಿಂಗುಗಳ ನಡುವೆ ಓಮ್‌ನಲ್ಲಿ ಅಳೆಯಿರಿ. 12 ವೋಲ್ಟಿನ ಡೈನಮೋಗೆ ಸಾಮಾನ್ಯವಾಗಿ 2ರಿಂದ 5 ಓಮ್ ಬರುತ್ತದೆ. ಮೀಟರಿನ ವೈರುಗಳದ್ದೇ ಒಂದಿಷ್ಟು ಇರುತ್ತದೆ, ಎರಡೂ ಮೊನೆ ಮುಟ್ಟಿಸಿ ಬಂದದ್ದನ್ನು ಕಳೆಯಿರಿ. ರಿಂಗಿನಿಂದ ಶಾಫ್ಟಿಗೆ ಏನೂ ಬರಬಾರದು. ರಿಂಗ್ ಕಪ್ಪಾಗಿದ್ದರೆ ಸಣ್ಣ ಕಾಳಿನ ಮರಳು ಕಾಗದದಿಂದ ಸುತ್ತಲೂ ಸಮನಾಗಿ ಉಜ್ಜಿ. ಬ್ರಷ್ ಹೋಲ್ಡರಿನಿಂದ ಹೊರಗೆ 5 ಮಿಲಿಮೀಟರಿಗಿಂತ ಕಡಿಮೆ ಚಾಚಿದ್ದರೆ ಬದಲಿಸಿ.

ಸ್ಟೇಟರ್ ವಿಷಯದಲ್ಲಿ ನಿಮ್ಮ ರಿವೈಂಡಿಂಗ್ ಬಗ್ಗೆ ಒಂದು ಅನುಮಾನ ಇದೆ. ಸ್ಟೇಟರ್ ತಾನಾಗಿ ಸುಡುವುದು ಅಪರೂಪ. ಬಹಳ ಸಲ ಡಯೋಡ್ ಒಂದು ಶಾರ್ಟ್ ಆಗಿ, ಅದರ ಮೂಲಕ ಸುತ್ತಿ ಬರುವ ಕರೆಂಟು ಸುರುಳಿಯನ್ನು ಸುಡುತ್ತದೆ. ಸುರುಳಿ ಹೊಸದಾಗಿ ಸುತ್ತಿಸಿ ಹಳೆಯ ಡಯೋಡ್ ಪ್ಲೇಟನ್ನೇ ಹಾಕಿದ್ದರೆ ಅದು ಮತ್ತೆ ಕಪ್ಪಾಗಿರುತ್ತದೆ. ಮೂರು ಸುರುಳಿಗಳೂ ಒಂದೇ ಬಣ್ಣಕ್ಕಿವೆಯೇ, ಸುಟ್ಟ ವಾರ್ನಿಷ್ ವಾಸನೆ ಇದೆಯೇ ನೋಡಿ. ಒಳಗಿನ ಒಂದೆರಡು ಸುತ್ತು ಶಾರ್ಟ್ ಆದದ್ದನ್ನು ಸಾಧಾರಣ ಮೀಟರ್ ಹಿಡಿಯುವುದಿಲ್ಲ, ಇಲ್ಲಿ ಕಣ್ಣು ಮೂಗುಗಳೇ ಮೇಲು. ಡಯೋಡ್ ಪರೀಕ್ಷೆಗೆ ಸ್ಟೇಟರಿನ ವೈರುಗಳ ಬೆಸುಗೆ ಬಿಡಿಸಿಕೊಂಡು ಮೀಟರನ್ನು ಡಯೋಡಿನ ಗುರುತಿಗೆ ಇಡಿ. ಪ್ರತಿಯೊಂದೂ ಒಂದು ಕಡೆಗೆ 0.4ರಿಂದ 0.7ರವರೆಗೆ ತೋರಿಸಿ ಇನ್ನೊಂದು ಕಡೆಗೆ ತೋರಿಸಬಾರದು. ಆರರಲ್ಲಿ ಒಂದು ತಪ್ಪಿದರೂ ಪ್ಲೇಟನ್ನೇ ಬದಲಿಸಿ. ಮತ್ತೆ ಬೆಸೆಯುವಾಗ ಡಯೋಡಿನ ಕಾಲನ್ನು ಇಕ್ಕಳದಲ್ಲಿ ಹಿಡಿದುಕೊಂಡರೆ ಬಿಸಿ ಇಕ್ಕಳಕ್ಕೆ ಹೋಗಿ ಡಯೋಡ್ ಉಳಿಯುತ್ತದೆ.

ಬೇರಿಂಗ್ ಎರಡನ್ನೂ ಹಾಕಿ, ಒಂದನ್ನಲ್ಲ. ಮುಂದಿನದು ಅನೇಕ ಡೈನಮೋಗಳಲ್ಲಿ 6203 ಅಥವಾ 6303 ಇರುತ್ತದೆ. ಎರಡರದೂ ಒಳಬಾಯಿ 17 ಮಿಲಿಮೀಟರೇ, ಆದರೆ ಹೊರ ಅಳತೆ 40 ಮತ್ತು 47. ಹಾಗಾಗಿ ಬಾಯಿಮಾತಿನಲ್ಲಿ ಕೇಳದೆ ಹಳೆಯದರ ಮೇಲಿನ ಸಂಖ್ಯೆ ಓದಿಕೊಂಡು, ಎರಡೂ ಕಡೆ ರಬ್ಬರ್ ಮುಚ್ಚಳ ಇರುವಂಥದ್ದನ್ನೇ ತನ್ನಿ. ಶಾಫ್ಟಿಗೆ ಕೂರಿಸುವಾಗ ಒಳಬಳೆಗೆ ಮಾತ್ರ ತಾಗುವ ಪೈಪಿನ ತುಂಡಿನಿಂದ ಒತ್ತಿ. ಹೊರಬಳೆಗೆ ಸುತ್ತಿಗೆ ಬಿದ್ದರೆ ಹೊಸ ಬೇರಿಂಗ್ ಅಂದೇ ಗಾಯಗೊಳ್ಳುತ್ತದೆ.

ಭಾರದ ಲೆಕ್ಕ ಬೇಗ ಹೇಳಿ ಮುಗಿಸುತ್ತೇನೆ. ಹೆಡ್‌ಲೈಟ್ ಎರಡಕ್ಕೆ 110 ವಾಟ್, ಹಿಂದಿನ ಮತ್ತು ಬದಿಯ ಲೈಟುಗಳಿಗೆ ಸುಮಾರು 30, ನೀವು ಮುಂದೆ ಹೆಚ್ಚಿಗೆ ಹಾಕಿಸಿದ ಹ್ಯಾಲೋಜನ್ ಜೋಡಿ ಇದ್ದರೆ ಇನ್ನೊಂದು 110. ಅಷ್ಟಕ್ಕೇ 18 ಆಂಪಿಯರ್ ದಾಟುತ್ತದೆ, ಹಾಡಿನ ಪೆಟ್ಟಿಗೆ ಬೇರೆ. ಡೈನಮೋ ಮೇಲೆ ಬರೆದ ಆಂಪಿಯರ್ ಅದು 6000 ಸುತ್ತಿನಲ್ಲಿ ಕೊಡುವಂಥದ್ದು. ಎಂಜಿನ್ 800ರಲ್ಲಿ ಗುಡುಗುಡು ಎನ್ನುವಾಗ ಡೈನಮೋ ಎರಡು ಸಾವಿರವನ್ನೂ ಮುಟ್ಟುವುದಿಲ್ಲ. ಮಂಡಿಯ ಗೇಟಿನಲ್ಲಿ ಸಾಲು ನಿಂತಾಗ ಎಲ್ಲ ಲೈಟೂ ಹಾಡೂ ಹಾಕಿಕೊಂಡು ಒಂದು ಗಂಟೆ ಕಾದರೆ ಬ್ಯಾಟರಿ ತುಂಬುವುದಿಲ್ಲ, ಇಳಿಯುತ್ತದೆ. ಅಲ್ಲಿ ಹೆಡ್‌ಲೈಟ್ ಆರಿಸಿ, ಪಾರ್ಕಿಂಗ್ ಲೈಟ್ ಸಾಕು.

ಎರಡು ಕೆಟ್ಟ ಅಭ್ಯಾಸಗಳನ್ನು ದಯವಿಟ್ಟು ನಿಮ್ಮ ವಾಹನದ ಮೇಲೆ ಯಾರಿಗೂ ಮಾಡಲು ಬಿಡಬೇಡಿ. ಎಂಜಿನ್ ಓಡುವಾಗ ಬ್ಯಾಟರಿಯ ವೈರ್ ಕಿತ್ತು 'ಡೈನಮೋ ಚಾರ್ಜ್ ಮಾಡುತ್ತಿದೆಯೇ ನೋಡೋಣ' ಎನ್ನುವುದು ಹಳೆಯ ಕಾಲದ ಡಿಸಿ ಡೈನಮೋದ ಪರೀಕ್ಷೆ. ಆಲ್ಟರ್ನೇಟರಿನಲ್ಲಿ ಆ ಕ್ಷಣ ವೋಲ್ಟೇಜ್ ಚಿಮ್ಮಿ ಡಯೋಡ್, ರೆಗ್ಯುಲೇಟರ್ ಎರಡನ್ನೂ ಕೊಲ್ಲಬಹುದು. ಇನ್ನೊಂದು, ಕ್ಯಾರಿಯರಿಗೋ ಚಾಸಿಗೋ ವೆಲ್ಡಿಂಗ್ ಮಾಡಿಸುವಾಗ ಬ್ಯಾಟರಿಯ ವೈರುಗಳನ್ನೂ ಡೈನಮೋದ ವೈರುಗಳನ್ನೂ ಕಳಚದಿರುವುದು.

ಹೊಸ ಆಲ್ಟರ್ನೇಟರ್ ಯಾವಾಗ ಎಂದರೆ: ರೋಟರ್ ಒಳಗೆ ತುಂಡಾಗಿದ್ದು ಸ್ಟೇಟರೂ ಸುಟ್ಟಿದ್ದರೆ, ಬೇರಿಂಗ್ ಕೂರುವ ಎರಕದ ಮನೆ ಸವೆದು ಬೇರಿಂಗ್ ಅದರಲ್ಲಿ ಸುತ್ತುತ್ತಿದ್ದರೆ, ಇಲ್ಲವೇ ಸೀಲ್ ಕೂರುವ ಶಾಫ್ಟ್ ಸವೆದಿದ್ದರೆ. ಆಗ ಹಳೆಯದಕ್ಕೆ ದುಡ್ಡು ಸುರಿಯಬೇಡಿ.

ಎಲ್ಲ ಜೋಡಿಸಿದ ಮೇಲೆ ವ್ಯಾಕ್ಯೂಮ್ ಪಂಪಿನ ಎಣ್ಣೆ ಬಾಯಿಗೆ ಸ್ವಲ್ಪ ಎಂಜಿನ್ ಆಯಿಲ್ ಹಾಕಿ ಪುಲ್ಲಿಯನ್ನು ಕೈಯಿಂದ ನಾಲ್ಕು ಸುತ್ತು ತಿರುಗಿಸಿ. ಒಣಗಿದ ಪಂಪ್ ಮೊದಲ ನಿಮಿಷದಲ್ಲಿಯೇ ತನ್ನನ್ನು ತಾನೇ ಕೆರೆದುಕೊಳ್ಳುತ್ತದೆ. ಪೈಪುಗಳನ್ನು ಬಿಗಿಸಿ, ಎಂಜಿನ್ ಸ್ಟಾರ್ಟ್ ಮಾಡಿ ಎಣ್ಣೆ ಸೋರುತ್ತಿಲ್ಲ ಎಂದು ನೋಡಿ, ಮೊದಲಿನ ವೋಲ್ಟ್ ಅಳತೆಗಳನ್ನು ಮತ್ತೆ ತೆಗೆದುಕೊಳ್ಳಿ. ಕೊನೆಗೆ ಎಂಜಿನ್ ನಿಲ್ಲಿಸಿ, ಬ್ರೇಕ್ ಪೆಡಲನ್ನು ಗಟ್ಟಿಯಾಗುವ ತನಕ ಐದಾರು ಬಾರಿ ಒತ್ತಿ. ಕಾಲನ್ನು ಅದರ ಮೇಲೆಯೇ ಊರಿ ಸ್ಟಾರ್ಟ್ ಮಾಡಿ. ಪೆಡಲ್ ನಿಮ್ಮ ಕಾಲ ಕೆಳಗೆ ತಾನಾಗಿ ಸ್ವಲ್ಪ ಇಳಿಯಬೇಕು. ಇಳಿದರೆ ಪಂಪೂ ಬೂಸ್ಟರೂ ಕೆಲಸ ಮಾಡುತ್ತಿವೆ. ಇಳಿಯದಿದ್ದರೆ ವ್ಯಾಕ್ಯೂಮ್ ಪೈಪನ್ನೂ ಅದರ ವಾಲ್ವನ್ನೂ ನೋಡಿಸಿ, ಅದು ಸರಿಯಾಗುವ ತನಕ ಒಂದು ಬಾಕ್ಸ್ ಟೊಮೆಟೊ ಕೂಡ ಹೇರಬೇಡಿ.